ಬೋರ್‌ವೆಲ್ ನೀರಿನ ಪಿಎಚ್ 8.2, ಕಮ್ಯುನಿಟಿ ಟ್ಯಾಂಕ್‌ಗೆ ಯಾವ ಡ್ವಾರ್ಫ್ ಸಿಕ್ಲಿಡ್ (ಸಣ್ಣ ಜಾತಿಯ ಸಿಕ್ಲಿಡ್ ಮೀನು) ಆಗಬಹುದು?

ಹಾರಂಗಿ ಮೀನು, ಕುಶಾಲನಗರ

ಎಲ್ಲರಿಗೂ ನಮಸ್ಕಾರ. ನನ್ನದು ಮೂರಡಿ ಟ್ಯಾಂಕ್, ಸುಮಾರು 170 ಲೀಟರ್. ಎರಡು ತಿಂಗಳಾಯಿತು. ಎಂಟು ಪ್ಲ್ಯಾಟಿ, ಹತ್ತು ಜೀಬ್ರಾ ಡ್ಯಾನಿಯೊ, ತಳದಲ್ಲಿ ಓಡಾಡುವ ಆರು ಕೋರಿಡೋರಾಸ್ (ಕೋರಿ) ಇವೆ, ಎಲ್ಲ ಆರಾಮಾಗಿವೆ. ನೀರು ಮನೆಯ ಬೋರ್‌ವೆಲ್‌ನದು. ಮಡಿಕೇರಿಯಲ್ಲಿ ಅತ್ತೆ ಮನೆಯ ಬಾವಿ ನೀರಿನಲ್ಲಿ ಕೈಗೆ ಹಚ್ಚಿದ ಸೋಪು ಎಷ್ಟು ತೊಳೆದರೂ ಹೋಗುವುದಿಲ್ಲ, ಇಲ್ಲಿ ನೊರೆಯೇ ಬರುವುದಿಲ್ಲ, ಗೀಸರ್ ಕಾಯಿಲ್ ಮೇಲೆ ಬಿಳಿ ಹಕ್ಕಳೆ ಕಟ್ಟುತ್ತದೆ. ಅಲ್ಲಿ ಅಷ್ಟು ಮೆದು ನೀರು, ಇಲ್ಲಿ ಇಷ್ಟು ಗಡಸು.

ಹೋದ ತಿಂಗಳು ಸಿಕ್ಲಿಡ್ ಜಾತಿಯ ಒಂದು ಜೋಡಿ ಬ್ಲೂ ರ‍್ಯಾಮ್ ತಂದೆ. ಅಂಗಡಿಯಲ್ಲಿ ಪಿಎಚ್ ಇಳಿಸುವ ದ್ರವದ ಬಾಟಲಿಯನ್ನೂ ಕೊಟ್ಟರು. ರಾತ್ರಿ ಹಾಕಿದರೆ 7ಕ್ಕೆ ಇಳಿಯುತ್ತಿತ್ತು, ಬೆಳಗ್ಗೆ ಎದ್ದು ನೋಡಿದರೆ ಮತ್ತೆ 8.2. ನಾಲ್ಕನೇ ದಿನ ಹೆಣ್ಣು ಫಿಲ್ಟರ್ ಹಿಂದೆ ಸೇರಿಕೊಂಡಿತು. ರೆಕ್ಕೆ ಮುದುರಿತ್ತು, ಮೈಮೇಲಿನ ನೀಲಿ ಚುಕ್ಕೆ ಮಾಸಿ ಮೈಯೆಲ್ಲ ಕಪ್ಪಾಗಿತ್ತು. ಹತ್ತು ದಿನದೊಳಗೆ ಎರಡೂ ಹೋದವು. ತುಂಬಾ ಬೇಜಾರಾಯಿತು. ಇನ್ನೊಂದು ಜೋಡಿ ತಂದು ಹಾಗೆಯೇ ಸಾಯಿಸಲು ಮನಸ್ಸಿಲ್ಲ. ನಮ್ಮ ನೀರಿಗೆ ಒಗ್ಗುವ ಸಣ್ಣ ಸಿಕ್ಲಿಡ್ ಇದೆಯಾ, ಅಥವಾ ಆಸೆ ಬಿಡಬೇಕಾ?

ತೋಟದಮನೆ, ಸೋಮವಾರಪೇಟೆ

ಆಸೆ ಬಿಡಬೇಡಿ, ಬಾಟಲಿ ಬಿಡಿ.

ನಿಮ್ಮ ನೀರಿನಲ್ಲಿ ಬೈಕಾರ್ಬೊನೇಟ್ ಜಾಸ್ತಿ ಇದೆ, ಅದನ್ನು ಅಳೆಯುವುದೇ ಕೆಎಚ್. ಆಮ್ಲ ಹಾಕಿದ ತಕ್ಷಣ ಪಿಎಚ್ ಇಳಿಯುತ್ತದೆ, ರಾತ್ರಿಯಿಡೀ ಗಾಳಿಯಾಡಿ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋದ ಮೇಲೆ ವಾಪಸ್ ಏರುತ್ತದೆ. ದಿನಾ ಹೀಗೆ ಏರಿಳಿತ ಆದರೆ ಮೀನಿಗೆ 8.2ಕ್ಕಿಂತ ಅದೇ ದೊಡ್ಡ ಹಿಂಸೆ. ಬ್ಲೂ ರ‍್ಯಾಮ್ ಮೂಲತಃ ವೆನೆಜುವೆಲಾ, ಕೊಲಂಬಿಯಾದ ಒರಿನೊಕೊ ನದಿ ಕಡೆಯದು. ಮೆದು ನೀರು ಬೇಕು, 28 ಡಿಗ್ರಿ ಆಸುಪಾಸಿನ ಬಿಸಿಯೂ ಬೇಕು. ಜೊತೆಗೆ ಆಗ ನಿಮ್ಮ ಟ್ಯಾಂಕ್‌ಗೆ ಒಂದು ತಿಂಗಳಷ್ಟೇ ಅಲ್ವಾ? ಮೀನಿನ ಕೊಳೆಯಿಂದ ಬರುವ ಅಮೋನಿಯಾವನ್ನು ತಿಂದು ಮುಗಿಸುವ ಒಳ್ಳೆ ಬ್ಯಾಕ್ಟೀರಿಯಾ ಹೊಸ ಟ್ಯಾಂಕ್‌ನಲ್ಲಿ ಇನ್ನೂ ಸಾಕಷ್ಟು ಬೆಳೆದಿರುವುದಿಲ್ಲ. ಪಿಎಚ್ ಒಂದು ಅಂಕಿ ಏರಿದರೆ ಅಮೋನಿಯಾದ ವಿಷಕಾರಿ ಪಾಲು ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ. 7ರಲ್ಲಿ ತಡೆದುಕೊಳ್ಳುವಷ್ಟು ಅಮೋನಿಯಾ 8ರಲ್ಲಿ ಕೊಲ್ಲುತ್ತದೆ. ಅಮೋನಿಯಾ ಟೆಸ್ಟ್ ಮಾಡಿ ಸೊನ್ನೆ ಬರುವ ತನಕ ಹೊಸ ಮೀನು ತರಬೇಡಿ.

ನನ್ನ ಸಲಹೆ ಕ್ರಿಬೆನ್ಸಿಸ್. ನೈಜೀರಿಯಾ ಕಡೆಯ ಮೀನು, ಗಡಸು ನೀರಿನಲ್ಲೂ ಚೆನ್ನಾಗಿರುತ್ತದೆ. ಅರ್ಧ ತೆಂಗಿನ ಚಿಪ್ಪಿಗೆ ಎರಡು ಬೆರಳು ಹೋಗುವಷ್ಟು ಬಾಗಿಲು ಕೊರೆದು ಕವುಚಿ ಇಟ್ಟರೆ ಅದೇ ಅವುಗಳ ಮನೆ. ಹೆಣ್ಣಿನ ಹೊಟ್ಟೆ ಮಾಗಿದ ಕಾಫಿ ಹಣ್ಣಿನ ಬಣ್ಣಕ್ಕೆ ತಿರುಗಿದರೆ ಮೊಟ್ಟೆಗೆ ತಯಾರಿ ಅಂತ ಅರ್ಥ. ಒಂದೇ ಜೋಡಿ ಹಾಕಿ.

ಮಳೆನೀರು, ಭಾಗಮಂಡಲ

ತೋಟದಮನೆ ಅಕ್ಕ ಹೇಳಿದ್ದೆಲ್ಲ ಸರಿ, ಆದರೆ ಕೋರಿ ಇರುವ ಮೂರಡಿ ಟ್ಯಾಂಕ್‌ಗೆ ನಾನು ಕ್ರಿಬ್ ಹಾಕುವುದಿಲ್ಲ. ಮರಿ ಮಾಡಿದ ಕ್ರಿಬ್ ಗೂಡಿನ ಸುತ್ತ ಯಾರನ್ನೂ ಬಿಡುವುದಿಲ್ಲ. ಡ್ಯಾನಿಯೊ ಮೇಲೆ ಈಜಿ ತಪ್ಪಿಸಿಕೊಳ್ಳುತ್ತವೆ. ಕೋರಿಗೆ ಆ ಜಗಳವೇ ಅರ್ಥವಾಗುವುದಿಲ್ಲ, ಓಡಿಸಿದರೂ ತಳ ಕೆದಕುತ್ತಾ ಮತ್ತೆ ಅಲ್ಲಿಗೇ ಬರುತ್ತವೆ. ನನ್ನ ಒಂದು ಕೋರಿಯ ಕಣ್ಣು ಹೀಗೇ ಹೋಯಿತು. ಬೆಳಗ್ಗೆ ಲೈಟ್ ಹಾಕಿದಾಗ ಒಂದೇ ಕಣ್ಣಿನಲ್ಲಿ ತಿಂಡಿ ಹುಡುಕುತ್ತಿತ್ತು, ಅದನ್ನು ನೋಡಿದವರು ಮತ್ತೆ ಆ ಜೋಡಣೆ ಮಾಡುವುದಿಲ್ಲ.

ಬೊಲಿವಿಯನ್ ರ‍್ಯಾಮ್ ನೋಡಿ. ಬ್ಲೂ ರ‍್ಯಾಮ್‌ನ ಹತ್ತಿರದ ನೆಂಟ, ಆದರೆ ಗಟ್ಟಿ ಜೀವ. 7.5, 7.8ರ ತನಕ ಒಗ್ಗಿಕೊಳ್ಳುತ್ತದೆ, 25 ಡಿಗ್ರಿ ಸಾಕು, ಸ್ವಭಾವವೂ ಶಾಂತ. ಬಣ್ಣ ಮೊದಲ ನೋಟಕ್ಕೆ ಸಪ್ಪೆ ಅನಿಸಬಹುದು, ಆರು ತಿಂಗಳು ಬಿಟ್ಟು ಬಾಲದ ಕೆಂಪು ಅಂಚು ನೋಡಿ.

ಇನ್ನು ನೀರು. ಕೊಡಗಿನಲ್ಲಿದ್ದು ಮೆದು ನೀರಿಗೆ ದುಡ್ಡು ಕೊಡಬೇಕಾಗಿಲ್ಲ. ನಾಲ್ಕು ಮಳೆ ಸುರಿದು ಹಂಚು ತೊಳೆದುಹೋದ ಮೇಲೆ ಪ್ಲಾಸ್ಟಿಕ್ ಡ್ರಮ್‌ಗೆ ಹಿಡಿಯಿರಿ. ಅರ್ಧ ಬೋರ್‌ವೆಲ್, ಅರ್ಧ ಮಳೆನೀರು ಬೆರೆಸಿದರೆ ಕೆಎಚ್ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಬರೀ ಮಳೆನೀರು ಮಾತ್ರ ಬೇಡ, ಹಿಡಿದಿಡಲು ಏನೂ ಇಲ್ಲದೆ ಪಿಎಚ್ ಕುಸಿಯುತ್ತದೆ. ಒಂದೇ ಸಲ ಬದಲಿಸಬೇಡಿ, ವಾರಕ್ಕೆ ಕಾಲು ಭಾಗದಂತೆ ಹೋಗಿ.

ಒಂದು ಎಚ್ಚರಿಕೆ, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮನೆ ಪಕ್ಕದಲ್ಲಿ ಕಾಫಿ, ಮೆಣಸಿಗೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ಮಾಡಿನ ನೀರು ಹಿಡಿಯಲೇಬೇಡಿ. ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ತಾಮ್ರ ಮೀನಿಗೆ ವಿಷ, ಮೆದು ನೀರಿನಲ್ಲಂತೂ ಇನ್ನೂ ಬೇಗ ತಟ್ಟುತ್ತದೆ. ಕಿತ್ತ ಕಾಫಿ ಬುಡವನ್ನು ಚೆಂದ ಕಂಡಿತು ಅಂತ ಟ್ಯಾಂಕ್‌ಗೆ ಇಡುವವರಿಗೂ ಇದೇ ಮಾತು, ವರ್ಷಗಟ್ಟಲೆ ಬೋರ್ಡೋ ಕುಡಿದ ಮರ ಅದು.

ಎರಡು ಪ್ರಶ್ನೆ. ನೀರು ಹೊಸ ಸಿಮೆಂಟ್ ತೊಟ್ಟಿಯಲ್ಲಿ ನಿಲ್ಲುತ್ತದೆಯಾ? ಟ್ಯಾಂಕ್ ತಳದಲ್ಲಿ ಯಾವ ಕಲ್ಲು ಹಾಕಿದ್ದೀರಿ?

ಚಿಪ್ಪಿನಗೂಡು, ಗೋಣಿಕೊಪ್ಪ

ನೀರನ್ನು ಬದಲಿಸುವ ಬದಲು ಮೀನನ್ನೇ ಬದಲಿಸುವ ದಾರಿಯೂ ಇದೆ. ಆಫ್ರಿಕಾದ ಟ್ಯಾಂಗನೀಕಾ ಸರೋವರದ ನೀರಿನ ಪಿಎಚ್ 9ರ ಹತ್ತಿರ. ಅಲ್ಲಿಯ ಸಿಕ್ಲಿಡ್ ಮಲ್ಟಿಫೇಸಿಯೇಟಸ್ ಎರಡು ಇಂಚೂ ಇಲ್ಲ, ಖಾಲಿ ಶಂಖದೊಳಗೆ ಸಂಸಾರ ಮಾಡುತ್ತವೆ. ಬಾಯಲ್ಲಿ ಮರಳು ತುಂಬಿಕೊಂಡು ಹೋಗಿ ಉಗುಳಿ, ಶಂಖವನ್ನು ಬಾಯಿ ಮಾತ್ರ ಕಾಣುವಂತೆ ಹೂಳುವುದನ್ನು ನೋಡುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಆದರೆ ಕೋರಿ ಜೊತೆ ಬೇಡ, ಇವಕ್ಕೆ ಬೇರೆ ಎರಡಡಿ ಟ್ಯಾಂಕ್ ಮಾಡಿ. ತೋಟದಲ್ಲಿ ಸಿಗುವ ಆಫ್ರಿಕನ್ ಬಸವನಹುಳುವಿನ ಚಿಪ್ಪು ತರಬೇಡಿ, ಅದಕ್ಕೆ ವಿಷದ ಮಾತ್ರೆ ಇಟ್ಟಿರುತ್ತಾರೆ.

ಹಾರಂಗಿ ಮೀನು, ಕುಶಾಲನಗರ

ಮಳೆನೀರು ಅಣ್ಣಾ, ಸಿಮೆಂಟ್ ತೊಟ್ಟಿ ಇಲ್ಲ, ಸಿಂಟೆಕ್ಸ್. ತಳದಲ್ಲಿ ಅಂಗಡಿಯಿಂದ ತಂದ ಬಿಳಿ ಕಲ್ಲು.

ಮಳೆನೀರು, ಭಾಗಮಂಡಲ

ಅನುಮಾನ ಅದೇ ಇತ್ತು. ನಾಲ್ಕು ಕಲ್ಲು ತೆಗೆದು ಒರೆಸಿ ವಿನೆಗರ್ ಹನಿಸಿ ನೋಡಿ, ಗುಳ್ಳೆ ಬಂದರೆ ಅದು ಸುಣ್ಣದ ಕಲ್ಲು, ನೀರಿನಲ್ಲಿ ಕರಗಿ ಕೆಎಚ್, ಪಿಎಚ್ ಎರಡನ್ನೂ ಏರಿಸುತ್ತದೆ. ನಳ್ಳಿಯ ನೀರನ್ನು ಹಿಡಿದ ತಕ್ಷಣ ಒಮ್ಮೆ, ಬಕೆಟ್‌ನಲ್ಲಿ ಒಂದು ದಿನ ಬಿಟ್ಟು ಇನ್ನೊಮ್ಮೆ ಅಳೆಯಿರಿ. ಬೋರ್‌ವೆಲ್ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತದೆ, ಮೊದಲ ಅಳತೆ ಸುಮ್ನೆ ಕಡಿಮೆ ತೋರಿಸುತ್ತದೆ.

ಹಾರಂಗಿ ಮೀನು, ಕುಶಾಲನಗರ

ಮಾಡಿದೆ. ನಳ್ಳಿಯಿಂದ ಹಿಡಿದಾಗ 7.2, ಮಾರನೇ ದಿನ ಬಕೆಟ್‌ನಲ್ಲಿ 7.8, ಟ್ಯಾಂಕ್‌ನಲ್ಲಿ 8.2. ಕೆಎಚ್ ನಳ್ಳಿಯಲ್ಲಿ 8, ಟ್ಯಾಂಕ್‌ನಲ್ಲಿ 11. ಕಲ್ಲಿನ ಮೇಲೆ ವಿನೆಗರ್ ಬಿಟ್ಟರೆ ಸೋಡಾ ಹಾಗೆ ಸಣ್ಣ ಗುಳ್ಳೆ ಬಂತು, ಕಿವಿ ಹತ್ತಿರ ಹಿಡಿದರೆ ಸದ್ದೂ ಕೇಳಿಸಿತು. ಅಮೋನಿಯಾ ಈಗ ಸೊನ್ನೆ.

ಕಲ್ಲನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು ತೊಳೆದ ಹೊಳೆ ಮರಳು ಹಾಕುತ್ತೇನೆ, ಕೋರಿ ಮೀಸೆಗೂ ಅದೇ ಒಳ್ಳೆಯದು ಅಲ್ವಾ. ಡ್ರಮ್ ನಿನ್ನೆಯೇ ಮಾಡಿನ ಕೆಳಗೆ ಇಟ್ಟೆ. ಅಕ್ಕ, ಕ್ರಿಬ್ ಮೇಲೆ ಈಗಲೂ ಮನಸ್ಸಿದೆ, ಆದರೆ ಆ ಕಣ್ಣಿನ ವಿಷಯ ಓದಿದ ಮೇಲೆ ಆಗಲ್ಲ. ಬೊಲಿವಿಯನ್ ಎಷ್ಟು ತರಲಿ?

ತೋಟದಮನೆ, ಸೋಮವಾರಪೇಟೆ

ಒಳ್ಳೆ ಕೆಲಸ ಮಾಡಿದಿರಿ. ಕಲ್ಲು ತೆಗೆಯುವಾಗ ಫಿಲ್ಟರ್ ಸ್ಪಂಜ್ ಮುಟ್ಟಬೇಡಿ, ಒಳ್ಳೆ ಬ್ಯಾಕ್ಟೀರಿಯಾ ಅರ್ಧ ಕಲ್ಲಿನಲ್ಲಿದ್ದರೆ ಅರ್ಧ ಅಲ್ಲಿರುತ್ತದೆ. ಚಿಕ್ಕ ಮರಿ ನಾಲ್ಕು ತನ್ನಿ, ಅವೇ ಜೋಡಿ ಆರಿಸಿಕೊಳ್ಳುತ್ತವೆ, ಉಳಿದವಕ್ಕೆ ಮರೆಯಾಗಲು ಗಿಡ, ಬೇರು ಇಡಿ. ಈ ಮಳೆಗೆ ಕರೆಂಟ್ ಹೋದರೆ ಹೀಟರ್ ಕೆಲಸ ಮಾಡುವುದಿಲ್ಲ, ಬ್ಯಾಟರಿ ಏರ್ ಪಂಪ್ ಒಂದು ತೆಗೆದಿಟ್ಟು ಟ್ಯಾಂಕ್‌ಗೆ ಕಂಬಳಿ ಸುತ್ತಿ.