ಭರತದ ನೀರು ಬರುವ ಹೊಳೆಬದಿ ಜಾಗ: ನಮ್ಮ ಗಡಿ ಎಲ್ಲಿಯವರೆಗೆ? ಅನುಭವ ಇದ್ದವರು ಹೇಳಿ

ಕೇಳಿದವರು:
ಕುಂದಾಪುರದ ಹತ್ತಿರ ಪಂಚಗಂಗಾವಳಿ ಹೊಳೆ ಬದಿಯಲ್ಲಿ ಅಮ್ಮನ ಪಾಲಿಗೆ ಬಂದ 42 ಸೆಂಟ್ಸ್ ಜಾಗ ಇದೆ. ಪಹಣಿ ಅಮ್ಮನ ಹೆಸರಲ್ಲೇ ಇದೆ. ಅಮಾಸೆ, ಹುಣ್ಣಿಮೆಗೆ ಭರತದ (ಸಮುದ್ರದ ಉಬ್ಬರದ) ನೀರು ಕೊನೆಯ ಸಾಲಿನ ನಾಲ್ಕು ತೆಂಗಿನಮರಗಳ ಬುಡದ ತನಕ ಬರುತ್ತದೆ. ಇಳಿತದಲ್ಲಿ ಅಲ್ಲಿಂದ ಆಚೆಗೆ ಹತ್ತು ಮಾರು ಕೆಸರು ಕಾಣುತ್ತದೆ. ಮಾವ "ಕೆಸರು ಕಾಣುವಷ್ಟೂ ನಮ್ಮದೇ" ಎನ್ನುತ್ತಾರೆ. ಪಕ್ಕದ ಮನೆಯವರು "ಆ ತೆಂಗಿನ ಸಾಲೇ ಸರ್ಕಾರದ್ದು" ಎನ್ನುತ್ತಾರೆ. ಕೆಂಪುಕಲ್ಲಿನ ದಂಡೆ ಕಟ್ಟಿಸುವ ಯೋಚನೆ ಇದೆ. ನಾನಿರುವುದು ಬೆಂಗಳೂರಲ್ಲಿ, ಇದೆಲ್ಲ ಹೊಸತು. ದಯವಿಟ್ಟು ಗೊತ್ತಿದ್ದವರು ಹೇಳಿ.

ನಿವೃತ್ತ ಸರ್ವೆಯರ್, ಉಡುಪಿ ಜಿಲ್ಲೆ:
ಮಾರಾಯ್ರೆ, ಇಬ್ಬರೂ ಅಂದಾಜಿನ ಮೇಲೆ ಮಾತಾಡುತ್ತಿದ್ದಾರೆ. ಕಾನೂನಿನಲ್ಲಿ ಇದಕ್ಕೆ ಒಂದು ಗೆರೆ ಇದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆ, ಕಲಂ 67 ತೆಗೆದು ಓದಿ. ಸಮುದ್ರ, ಬಂದರು, ಉಪ್ಪುನೀರು ಏರುವ ಕವಲು ಇವುಗಳಲ್ಲಿ ಭರತದ ಗೆರೆಯಿಂದ ಕೆಳಗಿನ ತಳ ರಾಜ್ಯ ಸರ್ಕಾರದ್ದು. ಹೊಳೆಯ ತಳವೂ ಸರ್ಕಾರದ್ದೇ. ಹಾಗಾಗಿ ಕೆಸರಿನ ವಿಷಯದಲ್ಲಿ ನಿಮ್ಮ ಮಾವನ ಮಾತು ನಿಲ್ಲುವುದಿಲ್ಲ.

ಭರತದ ಗೆರೆ ಅಂದರೆ ಯಾವುದು ಅಂತಲೂ ಅದೇ ಕಲಮಿನ ವಿವರಣೆಯಲ್ಲಿದೆ: ವರ್ಷದ ಯಾವುದೇ ಕಾಲದಲ್ಲಿ, ಸಾಮಾನ್ಯವಾದ ಅಮಾಸೆ-ಹುಣ್ಣಿಮೆ ಭರತ ಮುಟ್ಟುವ ಅತಿ ಮೇಲಿನ ಜಾಗ. ಇಲ್ಲಿ ಒಂದೊಂದು ಮಾತಿಗೂ ತೂಕ ಇದೆ. "ಸಾಮಾನ್ಯ" ಅಂದಿರುವುದರಿಂದ ತೂಫಾನಿಗೆ ಉಕ್ಕಿ ಅಂಗಳಕ್ಕೆ ಬಂದ ನೀರು ಲೆಕ್ಕಕ್ಕಿಲ್ಲ, ಆಷಾಢದ ನೆರೆಯೂ ಇಲ್ಲ, ಅದು ಮಳೆನೀರು, ಭರತ ಅಲ್ಲ. ಇನ್ನು "ಅಮಾಸೆ-ಹುಣ್ಣಿಮೆ ಭರತ" ಅಂದಿರುವುದರಿಂದ ಅಷ್ಟಮಿ ಆಸುಪಾಸಿನ ಸಣ್ಣ ಭರತ ನೋಡಿಕೊಂಡು ಬೇಲಿ ಹಾಕಿದರೆ ನೀವು ಸರ್ಕಾರದ ಜಾಗದಲ್ಲಿ ಇರುತ್ತೀರಿ. ನನ್ನ ಸರ್ವಿಸಿನಲ್ಲಿ ಜಾಸ್ತಿ ಜಗಳ ನೋಡಿದ್ದು ಇದೇ ಕಾರಣಕ್ಕೆ.

ಮೊದಲು ಒಂದು ಕೆಲಸ ಮಾಡಿ. ಮಳೆ ಇಲ್ಲದ ತಿಂಗಳಲ್ಲಿ ಊರಿಗೆ ಬನ್ನಿ. ಅಮಾಸೆಯೋ ಹುಣ್ಣಿಮೆಯೋ ಕಳೆದು ಒಂದೆರಡು ದಿನಕ್ಕೆ ನೀರು ಜಾಸ್ತಿ ಏರುತ್ತದೆ. ಭರತ ತುಂಬಿ ನಿಂತಾಗ ಅಡಿಕೆ ಸಲಾಕೆಯ ಗೂಟ ಹೊಡೆಯಿರಿ. ನೀರು ಇಳಿದ ಮೇಲೆ ನೋಡಿದರೆ ಅದೇ ಸಾಲಿನಲ್ಲಿ ಒಣ ಹುಲ್ಲು, ಕಾಂಡ್ಲ (ಮ್ಯಾಂಗ್ರೋವ್) ಬೀಜ, ಥರ್ಮಾಕೋಲ್ ತುಂಡು, ತೆಂಗಿನ ಸಿಪ್ಪೆ ಎಲ್ಲ ಗೆರೆ ಎಳೆದ ಹಾಗೆ ಬಿದ್ದಿರುತ್ತವೆ. ಒಂದು ಸಲ ಸಾಲದು, ಮೂರು ನಾಲ್ಕು ಸಲ ಮಾಡಿ. ಹೊಳೆಬದಿ ನೆಲ ಚಪ್ಪಟೆ ಅಲ್ವಾ, ಐವತ್ತು ಅಡಿಗೆ ಒಂದು ಅಡಿ ಏರುವ ನೆಲದಲ್ಲಿ ನೀರು ಅರ್ಧ ಅಡಿ ಎತ್ತರ ಬಂದರೆ ಗೆರೆ ಇಪ್ಪತ್ತೈದು ಅಡಿ ಒಳಗೆ ಸರಿಯುತ್ತದೆ. ಗೂಟ ನಿಮ್ಮ ತಿಳುವಳಿಕೆಗೆ ಮಾತ್ರ. ದಾಖಲೆ ಆಗುವುದು ಸರ್ವೆಯಿಂದಲೇ.

ಸರ್ವೆಗೆ ಹದ್ದುಬಸ್ತು ಅರ್ಜಿ, ಅಂದರೆ ಅಳೆದು ಗಡಿ ಗುರುತಿಸಿಕೊಡಿ ಅನ್ನುವ ಅರ್ಜಿ ಕೊಡಿ. ಅದಕ್ಕೆ ಮುಂಚೆ ಹಳೆ ನಕ್ಷೆಯ ನಕಲು ತೆಗೆಸಿ. ನಮ್ಮ ಕಡೆ ಮೊದಲು ಮದ್ರಾಸ್ ಪ್ರಾಂತ್ಯ ಆಗಿದ್ದರಿಂದ ಎಫ್‌ಎಂಬಿ (ಪ್ರತಿ ಸರ್ವೆ ನಂಬರಿನ ಅಳತೆ ಬರೆದ ನಕ್ಷೆ ಪುಸ್ತಕ) ಇರುತ್ತದೆ, ಅಳತೆ ಲಿಂಕ್ಸ್‌ನಲ್ಲಿ ಇದ್ದರೆ 100 ಲಿಂಕ್ಸ್‌ಗೆ 66 ಅಡಿ ಲೆಕ್ಕ. ಕಾರವಾರ, ಕುಮಟಾ ಕಡೆ ಮುಂಬೈ ಪ್ರಾಂತ್ಯದ್ದು, ಅಲ್ಲಿ ಅಂಥ ಅಳತೆ ದಾಖಲೆಗೆ ಟಿಪ್ಪಣಿ ಅನ್ನುತ್ತಾರೆ. ಮತ್ತೆ ಒಂದು ಮಾತು, "ಹೊಳೆ ತನಕ ನಮ್ಮ ಕುಮ್ಕಿ" ಅಂತ ಯಾರಾದರೂ ಹೇಳಿದರೆ ಅದನ್ನು ಗಡಿ ಅಂತ ತಿಳಿಯಬೇಡಿ. ಕುಮ್ಕಿ ಸೊಪ್ಪು, ಸೌದೆಗೆ ಸಿಕ್ಕ ಸವಲತ್ತು. ನೆಲ ಸರ್ಕಾರದ್ದೇ.

ಗಜನಿ ಗದ್ದೆಯವರು, ಕುಮಟಾ:
ಅಕ್ಕ, ಸರ್ವೆಯರ್ ಸರ್ ಹೇಳಿದ್ದು ಸರಿ. ಆದರೆ ನೀರು ಮುಟ್ಟಿದ್ದೆಲ್ಲ ಸರ್ಕಾರದ್ದು ಅಂತ ಹೆದರಬೇಡಿ. ನಮ್ಮದು ಅಘನಾಶಿನಿ ಹೊಳೆ ಬದಿಯ ಗಜನಿ, ಅಂದರೆ ಕಟ್ಟ (ಒಡ್ಡು) ಹಾಕಿ ಮಾಡಿದ ಉಪ್ಪುನೀರಿನ ಗದ್ದೆ. ಮಳೆಗಾಲದಲ್ಲಿ ಕಗ್ಗ ಭತ್ತ, ಕೊಯ್ಲಾದ ಮೇಲೆ ಕಟ್ಟದ ಹಲಗೆ ತೆಗೆದು ಉಪ್ಪುನೀರು ಬಿಟ್ಟರೆ ಮೀನು, ಸಿಗಡಿ. ವರ್ಷದಲ್ಲಿ ಅರ್ಧಕ್ಕರ್ಧ ದಿನ ಗದ್ದೆಯೊಳಗೆ ಭರತದ ನೀರೇ. ಹಾಗಂತ ಗದ್ದೆ ಸರ್ಕಾರದ್ದಲ್ಲ. ಸರ್ವೆ ನಂಬರ್ ಇದೆ, ಪಹಣಿ ಇದೆ, ಅಜ್ಜನ ಕಾಲದಿಂದ ಕಂದಾಯ ಕಟ್ಟಿದ ರಸೀದಿ ಇದೆ. ಕಟ್ಟದ ಹೊರಗಿನ ಹೊಳೆ ನಮ್ಮದಲ್ಲ, ಒಳಗಿನದು ನಮ್ಮದು.

ನಾವು ಪಾಡು ಪಟ್ಟಿದ್ದು ಕಟ್ಟ ಒಡೆದಾಗ. ಎರಡು ಮಳೆಗಾಲ ರಿಪೇರಿ ಆಗಲಿಲ್ಲ. ಗದ್ದೆಯಲ್ಲಿ ಕಾಂಡ್ಲ ಗಿಡ ಹುಟ್ಟಿತು. ಬಳಚು (ಚಿಪ್ಪುಮೀನು) ಹೆಕ್ಕುವವರು ಬಂದರು, "ಇದು ಹೊಳೆ ಅಲ್ವಾ" ಅಂದರು. ಅವರ ತಪ್ಪೂ ಅಲ್ಲ, ನೋಡಿದರೆ ಹೊಳೆಯ ಹಾಗೇ ಇತ್ತು. ಅಪ್ಪ ದೋಣಿಯಲ್ಲಿ ಹೋಗಿ ನೀರೊಳಗೆ ಕೈ ಹಾಕಿ ಮೂಲೆಯ ಗಡಿಕಲ್ಲು ತಡವಿ ತೋರಿಸಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನೀವೂ ಗಡಿಕಲ್ಲು ಎಲ್ಲಿದೆ ಅಂತ ಮೊದಲು ಹುಡುಕಿ, ಫೋಟೋ ತೆಗೆದಿಡಿ.

ಕಟ್ಟ ಇರುವವರಿಗೆ ಇನ್ನೊಂದು. ಸಿಆರ್‌ಝಡ್‌ (ಕರಾವಳಿ ನಿಯಂತ್ರಣ ವಲಯ) ನಿಯಮದ 2019ರ ಅಧಿಸೂಚನೆಯಲ್ಲಿ, 1991ರ ಫೆಬ್ರವರಿ 19ಕ್ಕೆ ಮುಂಚೆ ಕಟ್ಟಿದ ಕಟ್ಟವೋ ನೀರುಬಾಗಿಲೋ ಇದ್ದರೆ ಉಬ್ಬರದ ಗೆರೆ ಅಲ್ಲಿಗೇ ನಿಲ್ಲುತ್ತದೆ ಅಂತಿದೆ. ಒಳಗೆ ಕಾಂಡ್ಲ ಬೆಳೆದಿದ್ದರೆ ಮಾತ್ರ ಅಷ್ಟು ಭಾಗಕ್ಕೆ ಕಟ್ಟುನಿಟ್ಟು ಬೇರೆ. ಹಾಗಾಗಿ ಕಟ್ಟ ಹಳೆಯದು ಅಂತ ತೋರಿಸುವ ಕಾಗದ ಚೂರೇ ಇದ್ದರೂ ಎಸೆಯಬೇಡಿ.

ವಕೀಲೆ, ಮಂಗಳೂರು:
ಇಲ್ಲಿ ಎರಡು ಗೆರೆ ಸೇರಿಹೋಗುತ್ತಿವೆ, ಬಿಡಿಸಿ ಹೇಳುತ್ತೇನೆ. ಜಾಗ ಯಾರದ್ದು ಅನ್ನುವುದು ಭೂಕಂದಾಯ ಕಾಯ್ದೆಯ ಪ್ರಶ್ನೆ. ಜಾಗದಲ್ಲಿ ಏನು ಮಾಡಬಹುದು ಅನ್ನುವುದು ಸಿಆರ್‌ಝಡ್ ಪ್ರಶ್ನೆ. ಸಿಆರ್‌ಝಡ್ ಬಂತು ಅಂತ ನಿಮ್ಮ ಒಡೆತನ ಹೋಗುವುದಿಲ್ಲ. ಪಹಣಿ ಇದೆ ಅಂತ ಸಿಆರ್‌ಝಡ್ ಬಿಡುವುದೂ ಇಲ್ಲ. ಕಕ್ಷಿದಾರರು ಇದನ್ನು ಒಂದೇ ಅಂತ ತಿಳಿದು ಎಷ್ಟು ದುಡ್ಡು ಕಳೆದುಕೊಳ್ಳುತ್ತಾರೆ ಅಂದರೆ ನನಗೆ ನಿಜವಾಗಿ ಬೇಜಾರಾಗುತ್ತದೆ.

ಭರತ ಏರುವ ಹೊಳೆ ಬದಿಯಲ್ಲಿ ಉಬ್ಬರದ ಗೆರೆಯಿಂದ ಒಳಗೆ 100 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು, 2011ರ ನಿಯಮದಲ್ಲಿತ್ತು. 2019ರದ್ದರಲ್ಲಿ ಆ 100ರ ಬದಲು 50 ಮೀಟರ್. ಆ ಗೆರೆಯನ್ನು ನೀವು ಗೂಟ ಹೊಡೆದು ತೀರ್ಮಾನಿಸುವ ಹಾಗಿಲ್ಲ, ಕರಾವಳಿ ವಲಯ ನಿರ್ವಹಣಾ ನಕ್ಷೆಯಲ್ಲಿ ಅದು ಗುರುತಾಗಿರುತ್ತದೆ. ಸರ್ವೆ ನಂಬರ್ ಸಮೇತ ಇರುವ 1:4000ರ ನಕ್ಷೆಯನ್ನೇ ಕೇಳಿ. ಅದರಲ್ಲೂ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 4 ಮೀಟರ್. ಗೆರೆಯ ದಪ್ಪದಲ್ಲೇ ನಿಮ್ಮ ತೆಂಗಿನ ಸಾಲು ಮುಳುಗಿ ಹೋಗಬಹುದು, ಜಾಗ್ರತೆ.

ಹೊಳೆ ತಿಂದ ಜಾಗ, ಹೊಳೆ ಕೊಟ್ಟ ಜಾಗದ ಬಗ್ಗೆ. ಪಹಣಿಯಲ್ಲಿ 42 ಸೆಂಟ್ಸ್ ಇದ್ದು ನೆಲದ ಮೇಲೆ 38 ಉಳಿದಿದ್ದರೆ, ಆ 4 ಸೆಂಟ್ಸನ್ನು ಪಕ್ಕದವರಿಂದಲೋ ಕೆಸರಿನಿಂದಲೋ ತುಂಬಿಕೊಳ್ಳಲು ಆಗುವುದಿಲ್ಲ. ಆದರೆ ಕೊಚ್ಚಿಹೋದ ಜಾಗ ಮತ್ತೆ ಅದೇ ಸ್ಥಳದಲ್ಲಿ ಎದ್ದು, ಗುರುತು ಹಿಡಿಯಲು ಸಾಧ್ಯವಾದರೆ ಮೊದಲಿನ ಒಡೆಯನದೇ ಅಂತ 1870ರಲ್ಲಿ ಪ್ರಿವಿ ಕೌನ್ಸಿಲ್ (ಆಗಿನ ಲಂಡನ್ನಿನ ಮೇಲಿನ ಕೋರ್ಟ್) ಹೇಳಿದೆ. ಅದು ಗಂಗಾ ನದಿಯ ಕೇಸು, ಭರತದ ಹೊಳೆಯದ್ದಲ್ಲ. ಆದರೂ ಹಳೆ ನಕ್ಷೆ ಯಾಕೆ ಮುಖ್ಯ ಅಂತ ಇದರಿಂದ ತಿಳಿಯುತ್ತದೆ.

ಶಾಂಭವಿ ಹೊಳೆ ಬದಿಯವ:
ದಂಡೆ ಕಟ್ಟುವ ಮುಂಚೆ ನನ್ನ ಕಥೆ ಕೇಳಿ. ನಾನು ಕೇಳದೆ ಕಟ್ಟಿದೆ. ಅರವತ್ತು ಅಡಿ, ಕೆಂಪುಕಲ್ಲು, ಇಳಿತದ ಹೊತ್ತು ನೋಡಿಕೊಂಡು ಕೆಸರಿನಲ್ಲಿ ಪಾಯ ತೆಗೆದು. ಮುಗಿಯುವ ಮುಂಚೆ ನೋಟಿಸ್ ಬಂತು. ಭರತದ ನೀರಿಗೆ ಅಡ್ಡ ಕಟ್ಟುವುದು, ಮಣ್ಣು ತುಂಬಿಸುವುದು ಸಿಆರ್‌ಝಡ್‌ನಲ್ಲಿ ನಿಷೇಧ, ಕೊರೆತ ತಡೆಯಲು ಅಂದರೂ ಒಪ್ಪಿಗೆ ಬೇಕು. ಕೆಲಸ ಅರ್ಧಕ್ಕೆ ನಿಂತಿತು.

ನೋಟಿಸಿಗಿಂತ ಮನಸ್ಸಿಗೆ ಹತ್ತಿದ್ದು ಬೇರೆ. ಗೋಡೆ ಮುಗಿಯುವ ತುದಿಯಲ್ಲಿ ನೀರು ಸುಳಿ ತಿರುಗಿ ಪಕ್ಕದ ಮನೆ ಅಮ್ಮನ ಹಿತ್ತಿಲು ಕೊರೆಯಿತು. ಒಂದೇ ಮಳೆಗಾಲದಲ್ಲಿ ಅವರ ಬಟ್ಟೆ ಒಗೆಯುವ ಕಲ್ಲು ಹೊಳೆಗೆ ಬಿತ್ತು. ಅವರು ಒಂದು ಮಾತೂ ಆಡಲಿಲ್ಲ. ಆ ತುದಿಯ ಕಲ್ಲುಗಳನ್ನು ನಾನೇ ಆಳು ಹಿಡಿದು ತೆಗೆಸಿದೆ. ನಿಮ್ಮಲ್ಲಿ ಕಾಂಡ್ಲ ಇದ್ದರೆ ಅದನ್ನು ಮುಟ್ಟಬೇಡಿ, ಇಲ್ಲದಿದ್ದರೆ ಅರಣ್ಯ ಇಲಾಖೆಯವರನ್ನು ಕೇಳಿ ನೆಡಿ. ನಮ್ಮಲ್ಲಿ ಈಗ ಮಣ್ಣು ಹಿಡಿದು ನಿಂತಿರುವುದು ಅದೇ.

ಬಾಸ್ಟನ್‌ನಲ್ಲಿರುವ ಕುಂದಾಪುರದವಳು:
ಒಂದೇ ಒಂದು ವಿಷಯ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಅಮೆರಿಕದ ನಿಯಮ ಜಾಸ್ತಿ ಸಿಗುತ್ತದೆ, ಅದನ್ನು ಊರಿಗೆ ಅಂಟಿಸಬೇಡಿ. ಇಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ 1640ರ ದಶಕದ ಹಳೆ ಕಟ್ಟಳೆಯಿಂದಾಗಿ ದಂಡೆಯವರ ಜಾಗ ಇಳಿತದ ಗೆರೆ ತನಕ ಹೋಗುತ್ತದೆ, ಆದರೂ ಮೀನು ಹಿಡಿಯಲು ಯಾರೂ ಬರಬಹುದು. ನಿಮ್ಮ ಮಾವ ಹೇಳುವ ಕೆಸರಿನ ಲೆಕ್ಕ ಇಲ್ಲಿಯಾದರೆ ಹೆಚ್ಚುಕಡಿಮೆ ಸರಿ! 1935ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಕ್ಯಾಲಿಫೋರ್ನಿಯಾದ ಒಂದು ಕೇಸಿನಲ್ಲಿ 18.6 ವರ್ಷದ ಎಲ್ಲ ಭರತಗಳ ಸರಾಸರಿ ತೆಗೆಯಬೇಕು ಅಂದಿತು. ನಮ್ಮ ಕಲಂ 67 ಸರಾಸರಿ ಕೇಳುವುದಿಲ್ಲ, ಅಮಾಸೆ-ಹುಣ್ಣಿಮೆ ಭರತದ ಮೇಲಿನ ತುದಿ ಕೇಳುತ್ತದೆ.

ಕೇಳಿದವರು:
ಎಲ್ಲರಿಗೂ ತುಂಬಾ ಉಪಕಾರ. ಹುಣ್ಣಿಮೆ ಕಳೆದು ಎರಡನೇ ದಿನ ಮಾವನನ್ನೂ ಪಕ್ಕದ ಮನೆಯ ಅಣ್ಣನನ್ನೂ ಕರೆದುಕೊಂಡೇ ಗೂಟ ಹೊಡೆದೆ. ನೀರು ಮೂರು ತೆಂಗಿನಮರಗಳಿಂದ ಒಂದು ಗೇಣು ಕೆಳಗೆ ನಿಂತಿತು. ನಾಲ್ಕನೆಯದು ಹೊಳೆ ಕಡೆ ವಾಲಿದ ಮರ, ಅದರ ಬೇರು ಪೂರ್ತಿ ನೀರಲ್ಲಿತ್ತು. ಎಫ್‌ಎಂಬಿ ನಕಲಲ್ಲಿ ರಸ್ತೆ ಬದಿಯ ಗಡಿಕಲ್ಲಿನಿಂದ ಹೊಳೆಗೆ 180 ಲಿಂಕ್ಸ್ ಇದೆ, ಅಂದರೆ 119 ಅಡಿ. ಟೇಪು ಹಿಡಿದರೆ ಗೂಟದ ತನಕ 104 ಅಡಿ ಬಂತು. ಮಾವ ಎರಡು ಸಲ ಅಳೆಸಿದರು. ಆಮೇಲೆ, ಅವರು ಹುಡುಗನಾಗಿದ್ದಾಗ ಆ ನಾಲ್ಕನೇ ಮರದ ಆಚೆಗೂ ಒಂದು ಸಾಲು ತೆಂಗು ಇತ್ತು ಅಂತ ಹೇಳಿದರು. ದಂಡೆ ಸದ್ಯಕ್ಕೆ ಬೇಡ ಅಂತ ಆಗಿದೆ. ಮುಂದಿನ ಅಮಾಸೆಗೆ ಮತ್ತೆ ಗೂಟ ನೋಡಿ ಹದ್ದುಬಸ್ತಿಗೆ ಅರ್ಜಿ ಹಾಕುತ್ತೇನೆ, ಅರ್ಜಿಗೆ ಪಕ್ಕದ ಅಣ್ಣನೂ ಜೊತೆಗೆ ಬರುತ್ತೇನೆ ಎಂದಿದ್ದಾರೆ.