ಚಪ್ಪಟೆ ಬೋರಾನ್ ಕ್ಲಸ್ಟರ್ ನಿಜವಾಗಿಯೂ ಚಪ್ಪಟೆಯೇ? ಲೆಕ್ಕ ಹಾಕಿದವರು ಹೇಳಿ

ಪ್ರಶ್ನೆ: ಬೋರಾನಿನ ಸಣ್ಣ ಕ್ಲಸ್ಟರ್ (ಕೆಲವೇ ಪರಮಾಣುಗಳ ಗುಂಪು) ಒಂದನ್ನು ಕಂಪ್ಯೂಟರ್‌ನಲ್ಲಿ ಚಪ್ಪಟೆಯಾಗಿ ಬರೆದು ಆಪ್ಟಿಮೈಸ್ ಮಾಡಿದೆ, ಅಂದರೆ ಶಕ್ತಿ ಕಡಿಮೆಯಾಗುವಂತೆ ಪರಮಾಣುಗಳನ್ನು ಸರಿಸಿದೆ. ಹಾಗೇ ಉಳಿಯಿತು, ಆದರೆ ಒಂದು ಇಮ್ಯಾಜಿನರಿ ಫ್ರೀಕ್ವೆನ್ಸಿ ಇದೆ (ಆ ಕಂಪನದ ದಿಕ್ಕಿಗೆ ಸರಿದರೆ ಶಕ್ತಿ ಇನ್ನೂ ಇಳಿಯುತ್ತದೆ ಅನ್ನುವ ಸೂಚನೆ). ಮುಂದೆ ಇದರಿಂದಲೇ ಎರಡು ಆಯಾಮದ ಹಾಳೆ ಕಟ್ಟುವ ಆಸೆ. ಅನುಭವ ಇದ್ದವರು ಹೇಳ್ತೀರಾ?

ಉತ್ತರ 1: ಚಪ್ಪಟೆಯಾಗಿ ಬರೆದದ್ದು ಚಪ್ಪಟೆಯಾಗೇ ಉಳಿದರೆ ಅದರಲ್ಲಿ ಹೆಚ್ಚೇನಿಲ್ಲ. ಪರಮಾಣುಗಳೆಲ್ಲ ಒಂದೇ ಸಮತಲದಲ್ಲಿದ್ದರೆ ಮೇಲಕ್ಕೋ ಕೆಳಕ್ಕೋ ತಳ್ಳುವ ಬಲ ಸೊನ್ನೆ. ಹೊರಗೆ ಬರೋಕೆ ಪ್ರೋಗ್ರಾಂಗೆ ದಾರಿಯೇ ಇಲ್ಲ, ಅಲ್ವಾ? ಆ ಫ್ರೀಕ್ವೆನ್ಸಿಯ ಕಂಪನವನ್ನು ಅನಿಮೇಶನ್ ಮಾಡಿ ನೋಡಿ. ನಡುವಿನ ಪರಮಾಣು ಮೇಲೇಳುತ್ತಿದ್ದರೆ ಅದೇ ದಿಕ್ಕಿಗೆ 0.1 ಆಂಗ್‌ಸ್ಟ್ರಮ್‌ನಷ್ಟು ಸರಿಸಿ, ಸಿಮೆಟ್ರಿ ತೆಗೆದು ಮತ್ತೆ ಓಡಿಸಿ. ಹನ್ನೆರಡು ಬೋರಾನಿನ ಕ್ಲಸ್ಟರ್ ಹೀಗೇ: ಹೊರಗೆ ಒಂಬತ್ತು, ಒಳಗೆ ಮೂರು. ಒಳಗಿನವಕ್ಕೆ ಜಾಗ ಸಾಲದೆ ಸ್ವಲ್ಪ ಉಬ್ಬಿರುತ್ತವೆ. ಆದರೆ ಒಂಬತ್ತು ಬೋರಾನಿನ ಋಣ ಅಯಾನ್ ಪೂರ್ತಿ ಚಪ್ಪಟೆ. ಎಂಟರ ಉಂಗುರ, ನಡುವೆ ಒಂದು. ಎಷ್ಟು ಚೆನ್ನಾಗಿ ಕೂತಿದೆ ನೋಡಿ!

ಉತ್ತರ 2: ಫ್ರೀಕ್ವೆನ್ಸಿ ತೀರಾ ಸಣ್ಣದಿದ್ದರೆ ಮೊದಲು ಗ್ರಿಡ್ (ಲೆಕ್ಕ ಹಾಕುವ ಬಿಂದುಗಳ ಜಾಲ) ದಟ್ಟ ಮಾಡಿ, ಆಪ್ಟಿಮೈಸೇಶನ್ ಮಿತಿ ಬಿಗಿ ಮಾಡಿ. ಎಷ್ಟೋ ಸಲ ಅಷ್ಟಕ್ಕೇ ಮಾಯವಾಗುತ್ತದೆ. ನನಗೆ ಜಾಸ್ತಿ ಭಯ ಬೇರೆ ಕಡೆ: ಇದಕ್ಕಿಂತ ಕಡಿಮೆ ಶಕ್ತಿಯ ರೂಪ ಇಲ್ಲ ಅಂತ ಹೇಗೆ ಗೊತ್ತು? ಬೇಸಿನ್ ಹಾಪಿಂಗ್ (ರೂಪವನ್ನು ಮತ್ತೆ ಮತ್ತೆ ಅಲುಗಿಸಿ ಆಪ್ಟಿಮೈಸ್ ಮಾಡುವುದು) ಥರದ ಹುಡುಕಾಟ ಮಾಡಿ, ಎಲೆಕ್ಟ್ರಾನ್‌ಗಳ ಬೇರೆ ಸ್ಪಿನ್ ಸ್ಥಿತಿಗಳನ್ನೂ ನೋಡಿ. ಬಿ3ಎಲ್‌ವೈಪಿ ಅನ್ನುವ ಅಂದಾಜು ವಿಧಾನ ಒಂದನ್ನೇ ನಂಬಬೇಡಿ. ಇಪ್ಪತ್ತು ಬೋರಾನಿಗೆ ಚಪ್ಪಟೆ ರೂಪವೋ ಜೋಡಿ ಉಂಗುರವೋ ಅನ್ನುವ ಉತ್ತರ ವಿಧಾನ ಬದಲಾದಂತೆ ಬದಲಾಗುತ್ತದೆ. ಹತ್ತಿರ ಹತ್ತಿರದ ರೂಪಗಳಿಗೆ ಸಿಸಿಎಸ್‌ಡಿ(ಟಿ) ಅನ್ನುವ ಇನ್ನೂ ನಿಖರ ವಿಧಾನದಲ್ಲಿ ಶಕ್ತಿ ತೆಗೆದ ಮೇಲೆಯೇ ಮಾತಾಡಿ.

ಉತ್ತರ 3: ಹಾಳೆಯ ಬಗ್ಗೆ ಒಂದೆರಡು ಮಾತು. ನಡುವೆ ಆರು ಮೂಲೆಯ ತೂತಿರುವ 36 ಬೋರಾನಿನ ಕ್ಲಸ್ಟರ್ ವರದಿಯಾದದ್ದು 2014ರಲ್ಲಿ, ಬೆಳ್ಳಿಯ ಮೇಲೆ ಬೋರೊಫೀನ್ (ಬೋರಾನಿನ ಒಂದೇ ಪರಮಾಣು ದಪ್ಪದ ಹಾಳೆ) ಬೆಳೆಸಿದ್ದು 2015ರಲ್ಲಿ. ಅಲ್ಲಿ ಬೆಳ್ಳಿಯ ಆಸರೆ ಇತ್ತು, ನಿಮ್ಮ ಲೆಕ್ಕದಲ್ಲಿ ಅದು ಇರಲ್ಲ. ಚಿಕ್ಕ ಸೆಲ್‌ನಲ್ಲಿ (ಲೆಕ್ಕದಲ್ಲಿ ಎಲ್ಲ ದಿಕ್ಕಿಗೂ ಮತ್ತೆ ಮತ್ತೆ ಜೋಡಿಸುವ ಚೌಕಟ್ಟು) ಹಾಳೆ ಸುಮ್ನೆ ಚಪ್ಪಟೆಯಾಗಿ ಕೂತಿರುತ್ತದೆ, ಸುಕ್ಕಾಗೋಕೆ ಜಾಗವೇ ಇರಲ್ಲ. ಸೂಪರ್‌ಸೆಲ್ (ಅಂಥ ಹಲವು ಸೆಲ್ ಸೇರಿದ್ದು) ತಗೊಂಡು, ಪರಮಾಣುಗಳನ್ನು ಚೂರು ಅಲುಗಿಸಿ ಬಿಡಿ. ಆಮೇಲೆ ಫೋನಾನ್, ಅಂದರೆ ಹಾಳೆಯ ಕಂಪನಗಳ ಲೆಕ್ಕ. ಹಾಳೆಗಳ ಮಧ್ಯೆ 15-20 ಆಂಗ್‌ಸ್ಟ್ರಮ್ ಖಾಲಿ ಜಾಗ ಬಿಟ್ಟು, ಸೆಲ್‌ನ ಆ ಬದಿಯನ್ನು ಬದಲಾಗದಂತೆ ಕಟ್ಟಿಹಾಕಿ. ಇನ್ನೊಂದು: ನಿಮ್ಮ ಕ್ಲಸ್ಟರ್ ಅಯಾನೇ? ಹಾಗಿದ್ದರೆ ಆ ಚಾರ್ಜನ್ನು ಹಾಳೆಗೆ ಹಾಗೇ ಹಾಕಬೇಡಿ. ಖಾಲಿ ಜಾಗ ಹೆಚ್ಚಿಸಿದಂತೆ ಶಕ್ತಿಯೂ ಬದಲಾಗುತ್ತಲೇ ಹೋಗುತ್ತದೆ. ಎಲೆಕ್ಟ್ರಾನ್ ಕೊಡುವ ಲೋಹದ ಪರಮಾಣು ಸೇರಿಸಿ ನೋಡಿ.