ಕರಗಿ ಮತ್ತೆ ಗಟ್ಟಿಯಾಗುವ ಮೇಣಕ್ಕೆ ‘ಹೆರೆ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಶಿರಸಿ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಬಾಹ್ಯಾಕಾಶ ನೌಕೆಯ ಬಿಸಿ ನಿಭಾಯಿಸುವ ಬಗ್ಗೆ ಒಂದು ಫಲಕ ಮಾಡುತ್ತಿದ್ದಾರೆ. ಅದರಲ್ಲಿ ‘ಫೇಸ್ ಚೇಂಜ್ ಮಟೀರಿಯಲ್’ಗೆ, ಅಂದರೆ ಶಾಖ ಹೀರಿ ಕರಗಿ, ಅದನ್ನು ಬಿಟ್ಟು ಮತ್ತೆ ಗಟ್ಟಿಯಾಗುವ ವಸ್ತುವಿಗೆ, ಕನ್ನಡದಲ್ಲಿ ಏನು ಬರೆಯಬೇಕೆಂದು ಎರಡು ವಾರದಿಂದ ತಲೆ ಕೆಡಿಸಿಕೊಂಡಿದ್ದೇನೆ.

‘ಹಂತ ಬದಲಾವಣೆ ವಸ್ತು’ ನನಗೆ ಒಪ್ಪಿಗೆಯಿಲ್ಲ. ಹಂತ ಎಂದರೆ ಒಂದಾದ ಮೇಲೊಂದು ದಾಟಿ ಹೋಗುವಂಥದ್ದು. ಇಲ್ಲಿ ಹೋಗುವುದೂ ಇದೆ, ಮರಳುವುದೂ ಇದೆ. ‘ಫೇಸ್’ ಎಂದೇ ಬಿಟ್ಟರೆ ಮಕ್ಕಳಿಗೆ ತೋಟದ ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ನೆನಪಾಗುತ್ತದೆ. ಒಬ್ಬ ಹುಡುಗ ಕೇಳಿಯೂ ಕೇಳಿದ. ಪಠ್ಯದ ‘ಸ್ಥಿತಿ ಬದಲಾವಣೆ’ ತಪ್ಪಲ್ಲ, ಆದರೆ ಅದರಲ್ಲಿ ಕರಗುವುದು ಕಣ್ಣಿಗೆ ಕಟ್ಟುವುದಿಲ್ಲ.

ವಿಷಯ ಹೀಗಿದೆ. ಬಾಹ್ಯಾಕಾಶದಲ್ಲಿ ಗಾಳಿಯಿಲ್ಲ, ಹಾಗಾಗಿ ನೌಕೆಯ ಬಿಸಿ ವಿಕಿರಣವಾಗಿಯೇ ಹೊರಹೋಗಬೇಕು. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಒಂದು ಸುತ್ತಿಗೆ ಸುಮಾರು 90 ನಿಮಿಷ. ಅಷ್ಟರೊಳಗೇ ಬಿಸಿಲು, ನೆರಳು ಎರಡೂ. ಈ ಏರಿಳಿತ ತಟ್ಟದಿರಲಿ ಎಂದು ಉಪಕರಣದ ಪಕ್ಕ ಮೇಣ ತುಂಬಿದ ಪೆಟ್ಟಿಗೆ ಇಡುತ್ತಾರೆ. ಆಕ್ಟಾಡೆಕೇನ್ ಎಂಬ ಪ್ಯಾರಾಫಿನ್ 28 ಡಿಗ್ರಿಗೆ ಕರಗುತ್ತದೆ. ಒಂದು ಕಿಲೊ ಕರಗಲು ಸುಮಾರು 240 ಕಿಲೊಜೌಲ್ ಬೇಕು, ಅಂದರೆ ಒಂದು ಕಿಲೊ ನೀರನ್ನು 25ರಿಂದ 80 ಡಿಗ್ರಿ ದಾಟಿಸುವಷ್ಟು ಶಾಖ. ಅಷ್ಟನ್ನೂ ನುಂಗಿ ಮೇಣ 28ರ ಆಸುಪಾಸಿನಲ್ಲೇ ಇರುತ್ತದೆ. ಮೇಣದೊಳಗೆ ಶಾಖ ಬೇಗ ಹರಿಯುವುದಿಲ್ಲವಾದ್ದರಿಂದ ನಡುನಡುವೆ ಅಲ್ಯೂಮಿನಿಯಂ ರೆಕ್ಕೆಗಳನ್ನು ಕೂರಿಸುತ್ತಾರೆ. 1971ರಲ್ಲಿ ಅಪೊಲೊ 15ರವರು ಚಂದ್ರನ ಮೇಲೆ ಓಡಿಸಿದ ಬಂಡಿಯಲ್ಲೂ ಇಂಥ ಮೇಣದ ಪೆಟ್ಟಿಗೆಗಳಿದ್ದವು. ಓಡುವಾಗ ಕರಗುತ್ತಿತ್ತು, ನಿಲ್ಲಿಸಿ ಮುಚ್ಚಳ ತೆರೆದರೆ ಶಾಖ ಆಕಾಶಕ್ಕೆ ಹೋಗಿ ಮತ್ತೆ ಗಟ್ಟಿಯಾಗುತ್ತಿತ್ತು.

ಇದನ್ನು ಮಕ್ಕಳಿಗೆ ತೋರಿಸಲು ನನಗೆ ಸಿಕ್ಕಿದ್ದು ತೆಂಗಿನೆಣ್ಣೆ. ಡಿಸೆಂಬರಿನ ಬೆಳಗ್ಗೆ ನಮ್ಮ ಘಟ್ಟದ ಮೇಲಿನ ಮನೆಗಳಲ್ಲಿ ಬಾಟಲಿಯ ಎಣ್ಣೆ ಬೆಳ್ಳಗೆ ಕಟ್ಟಿರುತ್ತದೆ. “ಎಣ್ಣೆ ಗಟ್ಟಿಯಾಜು, ಬಚ್ಚಲ ಒಲೆ ಹತ್ರ ಇಡು” ಎನ್ನುತ್ತಿದ್ದಳು ಆಯಿ. ಆ ಎಣ್ಣೆಯನ್ನು ಶಾಲೆಗೆ ಒಯ್ದು, ಉಗುರುಬೆಚ್ಚನೆ ನೀರಿನಲ್ಲಿಟ್ಟು, ಥರ್ಮಾಮೀಟರಿನಿಂದ ಕದಡುತ್ತಾ ನೋಡಿದೆವು. ತಳದಲ್ಲಿ ಬಿಳಿ ಗಡ್ಡೆ, ಮೇಲೆ ತಿಳಿ ಎಣ್ಣೆ. ಗಡ್ಡೆ ಇರುವವರೆಗೂ ಪಾದರಸ 24–25 ಡಿಗ್ರಿಯ ಸುತ್ತಲೇ ತಡೆದು ನಿಂತಿತು. ಕೊನೆಯ ಚೂರು ಕರಗಿದ್ದೇ ತಡ, ಸರಸರ ಏರಿತು. ಮಂಜುಗಡ್ಡೆ ನೀರಿನಲ್ಲಿ ತೇಲುತ್ತದೆ, ಈ ಗಡ್ಡೆ ತನ್ನದೇ ಎಣ್ಣೆಯಲ್ಲಿ ಮುಳುಗುತ್ತದೆ. ಕರಗಿದರೆ ಹಿಗ್ಗುವ ವಸ್ತು ಇದು. ಪ್ಯಾರಾಫಿನ್ನೂ ಹೀಗೆಯೇ, ಅದಕ್ಕೇ ನೌಕೆಯ ಪೆಟ್ಟಿಗೆಯಲ್ಲಿ ಹಿಗ್ಗಲು ಜಾಗ ಬಿಡಬೇಕು.

ನಾನು ಸಿಕ್ಕಿಬಿದ್ದದ್ದು ಗಟ್ಟಿಯಾಗುವ ಕಡೆಯ ಪದದಲ್ಲಿ. ‘ಕರಗು’ ಇದೆ, ಅದಕ್ಕೆ ಎದುರು ಯಾವುದು? ‘ಹೆಪ್ಪುಗಟ್ಟು’ ಎಂದು ಎಲ್ಲರೂ ಬರೆಯುತ್ತೇವೆ. ಆದರೆ ಹೆಪ್ಪು ಹಾಕಿದ ಹಾಲು ಮೊಸರಾಗುತ್ತದೆಯೇ ಹೊರತು ಮತ್ತೆ ಹಾಲಾಗುವುದಿಲ್ಲ. ಸಾವಿರ ಸಲ ಕರಗಿ ಸಾವಿರ ಸಲ ಗಟ್ಟಿಯಾಗಬೇಕಾದ ಮೇಣಕ್ಕೆ ಆ ಮಾತು ಹೇಗೆ ಒಪ್ಪೀತು? ತುಪ್ಪ ಹಾಗಲ್ಲ. ಹಳೆಯ ಕನ್ನಡದಲ್ಲಿ ಹೆರೆದುಪ್ಪ, ತಿಳಿದುಪ್ಪ ಎಂಬ ಚೆಂದದ ಜೋಡಿಯಿದೆ: ಗಟ್ಟಿಯಾದದ್ದು ಹೆರೆದುಪ್ಪ, ಕರಗಿದ್ದು ತಿಳಿದುಪ್ಪ, ತುಪ್ಪ ಮಾತ್ರ ಒಂದೇ. ಹಾಗಾಗಿ ‘ಹೆರೆ’ಯನ್ನು ಕ್ರಿಯಾಪದವಾಗಿ ಎತ್ತಿಕೊಂಡು ‘ಕರಗಿ ಹೆರೆಯುವ ಮೇಣ’, ಚಿಕ್ಕದಾಗಿ ‘ಕರಗುಹೆರೆ’ ಎನ್ನಬಹುದೇ ಎಂಬುದು ನನ್ನ ಪ್ರಶ್ನೆ.

ಒಂದು ತೊಡಕಿದೆ. ನಮ್ಮಲ್ಲಿ ಹೆರೆಮಣೆಯ ಮೇಲೆ ಕಾಯಿ ಹೆರೆಯುತ್ತೇವೆ. ಮಕ್ಕಳು ‘ಮೇಣ ಹೆರೆಯುತ್ತದೆ’ ಎಂದು ಓದಿದರೆ ಯಾರೋ ತುರಿಯುತ್ತಿದ್ದಾರೆ ಎಂದುಕೊಂಡಾರು. ‘ಹೆರೆಗಟ್ಟು’ ಎಂದರೆ ಗೊಂದಲ ತಪ್ಪೀತೇ?

ಇನ್ನೊಂದು ಕೇಳಬೇಕು. ಉಪ್ಪಾಗೆ ತುಪ್ಪ, ಹಿಮ್ಮಡಿ ಒಡೆದರೆ ಹಚ್ಚುವ ಮುರುಗಲ ತುಪ್ಪ, ಹಣ್ಣಿನ ಬೀಜದಿಂದ ತೆಗೆಯುವ ಈ ತುಪ್ಪಗಳನ್ನು ಮನೆಯಲ್ಲೇ ಮಾಡುವವರು ಸಿದ್ದಾಪುರ, ಕುಮಟಾ, ಅಂಕೋಲಾ ಕಡೆ ಇದ್ದಾರೆ. ಬಿಸಿ ತುಪ್ಪ ಆರಿ ಬೆಳ್ಳಗಾಗಿ ನಿಲ್ಲುವ ಆ ಹೊತ್ತಿಗೆ ಅವರ ಬಾಯಲ್ಲಿ ಏನೆನ್ನುತ್ತಾರೆ? ಹವ್ಯಕ, ಹಾಲಕ್ಕಿ, ನಾಡವ, ಯಾರ ಮನೆಮಾತಾದರೂ ಸರಿ, ಮನೆಯ ಹಿರಿಯರನ್ನು ಕೇಳಿ ಅವರು ಆಡಿದ ವಾಕ್ಯವನ್ನೇ ಬರೆದು ಕಳಿಸಿ. ಫಲಕದಲ್ಲಿ ಆ ಪದದ ಜಾಗ ಸದ್ಯಕ್ಕೆ ಖಾಲಿ ಬಿಟ್ಟಿದ್ದೇವೆ.